ಹತ್ತು ಮಂದಿಯ ಮಾತು, ಒಂದು ಗಿಟಾರ್

ಮಗಳೇ, ಸಂಬಳದಲ್ಲಿ ಉಳಿಸಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುತ್ತೇನೆ ಎಂದು ನೀನು ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಈಗ ನೋಡಿದರೆ ತಿಂಗಳಿಂದ ಬರೀ ವಿಚಾರಿಸುತ್ತಲೇ ಇದ್ದೀಯ. ಕಾಲೇಜಿನ ಬ್ಯಾಂಡಿನ ಹುಡುಗ ‘ಕೋರ್ಟ್ ಕಂಪನಿಯದು ತಗೋ, ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಸಿಗೋದಿಲ್ಲ’ ಅಂದ. ಚರ್ಚಿನಲ್ಲಿ ನುಡಿಸುವ ನಿನ್ನ ಗೆಳತಿ ಟ್ಯೂನಿಂಗ್ ನಿಲ್ಲೋದೇ ಇಲ್ಲ ಅಂದಳು. ಗಿಟಾರ್ ಕ್ಲಾಸಿನ ಮೇಷ್ಟ್ರು ತಂತಿಯ ನಾದ ಹಿಡಿಯುವ ಪಿಕಪ್ ಸಪ್ಪೆ ಅಂದರು. ಆಫೀಸಿನ ಒಬ್ಬರು ವರ್ಷಗಳಿಂದ ಅದೇ ಗಿಟಾರ್ ಹಿಡಿದು ಸ್ಟೇಜ್ ಹತ್ತುತ್ತಿದ್ದಾರೆ. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ತಮ್ಮ ಕೈಗೆ ಬಂದ ಒಂದೊಂದು ಗಿಟಾರಿನ ವಿಷಯ ಹೇಳಿದರು. ನೀನು ಅದನ್ನೆಲ್ಲ ಕಂಪನಿಯ ವಿಷಯ ಎಂದು ಕೂಡಿಸಿ ಕಳೆದು ಲೆಕ್ಕ ಹಾಕುತ್ತಿದ್ದೀಯ. ಆ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ.

ಮೊದಲು ಆ ಕಂಪನಿ ಎಂಥದ್ದು ತಿಳಿದುಕೋ. ಕೋರ್ಟ್ ದಕ್ಷಿಣ ಕೊರಿಯಾದ್ದು, 1973ರಲ್ಲಿ ಶುರುವಾದದ್ದು. ಅವರ ದೊಡ್ಡ ಕಾರ್ಖಾನೆ ಈಗ ಇಂಡೊನೇಷ್ಯಾದ ಸುರಬಾಯಾದಲ್ಲಿದೆ. ತಮ್ಮ ಹೆಸರಿನ ಗಿಟಾರ್ ಮಾಡುವುದರ ಜತೆಗೆ ಬೇರೆಯವರಿಗೂ ಮಾಡಿಕೊಡುತ್ತಾರೆ. ಅಮೆರಿಕದ ಪಿಆರ್‌ಎಸ್ ಕಂಪನಿ ತನ್ನ ಎಸ್‌ಇ ಸರಣಿಯ ಬಹುಪಾಲು ಗಿಟಾರುಗಳನ್ನು ಮಾಡಿಸುವುದು ಇವರ ಹತ್ತಿರವೇ. ಹಾಗೆಂದು ಎರಡೂ ಒಂದೇ ಎನ್ನಬೇಡ. ಮರ, ಪಿಕಪ್, ವಿನ್ಯಾಸ, ಕೊನೆಯ ತಪಾಸಣೆ ಎಲ್ಲ ಬೇರೆ, ಅದಕ್ಕೇ ಬೆಲೆಯೂ ಬೇರೆ. ಆದರೆ ‘ಅಗ್ಗದ ಕಂಪನಿ, ಅವರಿಗೆ ಗಿಟಾರ್ ಮಾಡಲು ಬರುವುದಿಲ್ಲ’ ಎಂದು ಯಾರಾದರೂ ಅಂದರೆ ಆ ಮಾತನ್ನು ಅಲ್ಲಿಗೇ ಬಿಡು. ಮಾಡಲು ಅವರಿಗೆ ಚೆನ್ನಾಗಿ ಬರುತ್ತದೆ. 20ರಿಂದ 40 ಸಾವಿರದ ಗಿಟಾರಿನಲ್ಲಿ ಉಳಿತಾಯ ಆಗುವುದು ಕೊನೆಯ ಹಂತದ ಕೈಕೆಲಸದಲ್ಲಿ. ಫ್ರೆಟ್ ಎಂಬ ಲೋಹದ ಪಟ್ಟಿಗಳ ತುದಿ ಉಜ್ಜುವುದು, ನಟ್‌ನ ಕಚ್ಚು ಕೊರೆಯುವುದು, ನೆಕ್ ಅಂದರೆ ಕುತ್ತಿಗೆ ಹದಮಾಡುವುದು, ಇವಕ್ಕೆಲ್ಲ ಹೊತ್ತು ಬೇಕು, ಹೊತ್ತಿಗೆ ದುಡ್ಡು ಬೇಕು. ಯಮಹಾ ಪೆಸಿಫಿಕಾ ಇರಲಿ, ಸ್ಕ್ವಯರ್ ಇರಲಿ, ಈ ಬೆಲೆಯಲ್ಲಿ ಎಲ್ಲರ ಕತೆಯೂ ಇದೇ.

ನಾನು ಆರ್ಕೆಸ್ಟ್ರಾದಲ್ಲಿ ರಿದಂ ನುಡಿಸುತ್ತಿದ್ದ ಕಾಲದಲ್ಲಿ ಇಂಥ ಚರ್ಚೆಯೇ ಇರಲಿಲ್ಲ. ಇದ್ದದ್ದೆಲ್ಲ ಕೋಲ್ಕತ್ತಾದ ಗಿವ್ಸನ್, ಇಲ್ಲವೇ ಹಡಗಿನಲ್ಲಿ ಕೆಲಸ ಮಾಡುವವರು, ಗಲ್ಫಿನಿಂದ ಬರುವವರು ತಂದದ್ದು. ಮುಂಬಯಿಯ ಧೋಬಿ ತಲಾವ್‌ನಲ್ಲಿರುವ, 1865ರಿಂದ ಹೆಸರು ಮಾಡಿರುವ ಫುರ್ಟಾಡೋಸ್ ವಾದ್ಯಗಳ ಅಂಗಡಿಯ ಗಾಜಿನ ಆಚೆ ಇರುವುದನ್ನು ನಿಂತು ನೋಡಿ ಬರುತ್ತಿದ್ದೆವು. ಆಯ್ಕೆ ಇಲ್ಲದ್ದರಿಂದ ಸಿಕ್ಕಿದ್ದನ್ನು ಸರಿಮಾಡಿಕೊಳ್ಳುವ ವಿದ್ಯೆ ಈ ಊರಿನಲ್ಲಿ ಬೆಳೆಯಿತು. ಸಿನಿಮಾ ಸ್ಟುಡಿಯೊಗಳಲ್ಲಿ ನುಡಿಸುತ್ತಿದ್ದ ಗೋವಾದವರಿಗೆ, ರಂಗ್ ಭವನದಲ್ಲಿ ರಾಕ್ ನುಡಿಸುತ್ತಿದ್ದ ಹುಡುಗರಿಗೆ ‘ಇಂಥವನ ಹತ್ತಿರ ಕೊಟ್ಟರೆ ಗಿಟಾರ್ ಸರಿಯಾಗುತ್ತದೆ’ ಎಂಬುದು ಗೊತ್ತಿತ್ತು. ನಿನ್ನ ತಲೆಮಾರಿಗೆ ಆಯ್ಕೆ ಬಂತು, ಆ ವಿದ್ಯೆಯ ಬೆಲೆ ಮರೆತುಹೋಯಿತು. ನನಗೆ ಬೇಸರ ಅದೊಂದರ ಬಗ್ಗೆ.

ಟ್ಯೂನಿಂಗ್ ನಿಲ್ಲುವುದಿಲ್ಲ ಎಂಬ ದೂರನ್ನೇ ನೋಡು. ಹೆಚ್ಚಿನವರು ತಿರುಗಿಸುವ ಕೀಲಿಯನ್ನು ಬೈಯುತ್ತಾರೆ. ತಪ್ಪು ಬಹಳ ಸಲ ಇರುವುದು ನಟ್‌ನಲ್ಲಿ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯಲ್ಲಿ. ಅದರ ಕಚ್ಚು ಬಿಗಿಯಾಗಿದ್ದರೆ ತಂತಿ ಎಳೆದಾಗ ಜಾರಿ ಬರುತ್ತದೆ, ಬಿಟ್ಟಾಗ ವಾಪಸ್ ಹೋಗದೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಟ್ಯೂನ್ ಮಾಡುವಾಗ ‘ಟಿಕ್’ ಎಂದು ಸಣ್ಣ ಸದ್ದು ಕೇಳಿದರೆ ಅದೇ ಕಾರಣ. ತಂತಿ ಎತ್ತಿ, ಪೆನ್ಸಿಲಿನ ಮೊನೆಯನ್ನು ಕಚ್ಚಿನೊಳಗೆ ನಾಲ್ಕು ಸಲ ಉಜ್ಜಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧಕ್ಕೆ ಬಲ್ಲವರ ಅರ ಬೇಕು. ಹೊಸ ತಂತಿ ಹಾಕಿದಾಗ ಒಂದೊಂದನ್ನೂ ಬೆರಳಿನಿಂದ ಮೇಲಕ್ಕೆಳೆದು ಹಿಗ್ಗಿಸಿ ಮತ್ತೆ ಟ್ಯೂನ್ ಮಾಡಬೇಕು. ಅದನ್ನು ಮಾಡದೆ ಕಂಪನಿಯನ್ನು ದೂರಿದರೆ ನ್ಯಾಯವಲ್ಲ.

ಇನ್ನು ನಮ್ಮೂರ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಮರ ಆ ತೇವ ಹೀರಿ ಉಬ್ಬುತ್ತದೆ, ನೆಕ್ ಬಾಗುತ್ತದೆ, ತಂತಿ ಮೇಲೇಳುತ್ತದೆ, ಒತ್ತಲು ಬೆರಳು ನೋಯುತ್ತದೆ. ಎಸಿ ಷೋರೂಮಿನಲ್ಲಿ ತಿಂಗಳುಗಟ್ಟಲೆ ತೂಗುಹಾಕಿದ ಗಿಟಾರಿಗೆ ಇದರ ಉಲ್ಟಾ ಆಗುತ್ತದೆ. ಮರ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿ ಅಂಚಿನಿಂದಾಚೆ ಚಾಚಿ ಅಂಗೈಗೆ ಗರಗಸದ ಹಲ್ಲಿನಂತೆ ತಾಗುತ್ತದೆ. ಜನವರಿಯಲ್ಲಿ ಕೊಂಡವನು ‘ವಾಹ್’ ಅಂದ ಗಿಟಾರನ್ನೇ ಜುಲೈನಲ್ಲಿ ಕೈಗೆತ್ತಿಕೊಂಡವನು ‘ಛೀ’ ಅನ್ನುವುದು ಹೀಗೆ. ಯಾರಾದರೂ ಅಭಿಪ್ರಾಯ ಹೇಳಿದರೆ ಎರಡು ಪ್ರಶ್ನೆ ಕೇಳು: ಸೆಟಪ್, ಅಂದರೆ ಗಿಟಾರನ್ನು ಹದ, ಮಾಡಿಸಿದ್ದಿರಾ, ಯಾವಾಗ? ಡೊಂಬಿವಲಿಯ ನಿಮ್ಮ ಮನೆಯಲ್ಲಿ ಮಳೆಗಾಲಕ್ಕೆ ಒಸರುವ ಆ ಹೊರಗೋಡೆಗೆ ಮಾತ್ರ ಗಿಟಾರ್ ಒರಗಿಸಬೇಡ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸು, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡು. ಮಳೆ ಹಿಡಿದ ಮೇಲೊಮ್ಮೆ, ಬಿಟ್ಟ ಮೇಲೊಮ್ಮೆ ನೆಕ್‌ನೊಳಗಿನ ಟ್ರಸ್ ರಾಡ್ ಸರಿಮಾಡಿಸು.

ಪಿಕಪ್ ಸಪ್ಪೆ ಅಂದ ಮೇಷ್ಟ್ರ ಮಾತಿಗೆ ತೂಕವಿದೆ. ಅವರು ನುಡಿಸುವುದು ಜಾಝ್, ಅವರ ಕಿವಿ ಹುಡುಕುವುದು ಬೇರೆ ನಾದ. ನೀನು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣದಲ್ಲಿ ಗೆಳೆಯರೊಂದಿಗೆ ಕನ್ನಡ ಹಾಡುಗಳಿಗೆ ನುಡಿಸಬೇಕು ಎಂದಿದ್ದೀಯ. ಅದಕ್ಕೆ ಆ ಪಿಕಪ್ ಧಾರಾಳವಾಗಿ ಸಾಕು. ಮುಂದೆ ಬೇಡವೆನಿಸಿದರೆ ಸ್ಕ್ರೂ ಬಿಚ್ಚಿ, ವೈರು ಬೆಸೆದು ಬದಲಾಯಿಸಬಹುದು. ಕುತ್ತಿಗೆ ಸೊಟ್ಟ ಇದ್ದರೆ ಹಾಗೆ ಬದಲಾಯಿಸುವುದು ಸುಲಭವಲ್ಲ, ಆದ್ದರಿಂದ ಕೊಳ್ಳುವಾಗ ಕಣ್ಣು ಕುತ್ತಿಗೆಯ ಮೇಲಿರಲಿ.

ಇನ್ನು ‘ಗುಂಯ್’ ಎನ್ನುವ ಹಮ್ ಬರುತ್ತದೆ ಎಂದು ಕೆಲವರು ಹೇಳುವ ದೂರಿನಲ್ಲಿ ಗಿಟಾರಿನ ಪಾಲಿಗಿಂತ ಕಟ್ಟಡದ ಪಾಲು ಹೆಚ್ಚಿರುವುದುಂಟು. ನಮ್ಮ ಕರೆಂಟಿನ 50 ಹರ್ಟ್ಸ್ ಮಿಡಿತವನ್ನು ಸಿಂಗಲ್ ಕಾಯಿಲ್ ಪಿಕಪ್ ಹಿಡಿದುಕೊಂಡೇ ತೀರುತ್ತದೆ. ಅದನ್ನು ಅಳಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯ ಹಂಬಕರ್ ರೂಪಿಸಿದರು. ಹಳೆಯ ಚಾಳುಗಳಲ್ಲಿ, ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಹಮ್ ಇನ್ನೂ ಜೋರು. ಅಲ್ಲಿ ಆಂಪ್‌ನ, ಅಂದರೆ ಆಂಪ್ಲಿಫೈಯರಿನ, ಮೂರನೆಯ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ತುರುಕುವವರನ್ನು ನಾನು ಕಂಡಿದ್ದೇನೆ. ದಮ್ಮಯ್ಯ, ನೀನು ಅದನ್ನು ಮಾಡಬೇಡ. ಲೋಹದ ತಂತಿಯ ಮೇಲೆ ಇರುವುದು ನಿನ್ನ ಕೈ, ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅರ್ಥಿಂಗ್ ನೋಡಿಸು.

ಲೋಕಲ್ ರೈಲಿನಲ್ಲಿ ಓಡಾಡುವವಳು ನೀನು, ಅದೂ ಲೆಕ್ಕಕ್ಕೆ ಬರಬೇಕು. ಗಿಬ್ಸನ್‌ನ ಲೆಸ್ ಪಾಲ್ ಮಾದರಿಯ ಗಿಟಾರಿನ ತಲೆ ಹಿಂದಕ್ಕೆ 17 ಡಿಗ್ರಿಯಷ್ಟು ಬಾಗಿರುತ್ತದೆ. ಠಾಣೆ ಸ್ಟೇಷನ್ನಿನಲ್ಲಿ ನುಗ್ಗುವ ಜನರ ನಡುವೆ ಒಂದು ಪೆಟ್ಟು ಬಿದ್ದರೆ ಕತ್ತು ಮುರಿಯುವುದು ಅಲ್ಲೇ. ಫೆಂಡರ್ ಮಾದರಿಯ ನೇರ ತಲೆ, ಸ್ಕ್ರೂ ಹಾಕಿ ಕೂಡಿಸಿದ ನೆಕ್ ಇರುವುದು ಪೆಟ್ಟು ತಾಳಿಕೊಳ್ಳುತ್ತದೆ. ಕೋರ್ಟ್‌ನವರ ಜಿ ಸರಣಿ ಈ ಜಾತಿಯದು. ನನ್ನ ಒಲವು ಅದರ ಕಡೆಗೆ.

ಇನ್ನೊಂದು ಅಭಿಪ್ರಾಯವೂ ಇದೆ, ಅದನ್ನು ನಿನಗೆ ಯಾರೂ ಹೇಳಿರಲಾರರು. 2007ರಲ್ಲಿ ಈ ಕಂಪನಿ ಕೊರಿಯಾದಲ್ಲಿದ್ದ ತನ್ನ ಅನೇಕ ಕಾರ್ಮಿಕರನ್ನು ಕೆಲಸದಿಂದ ತೆಗೆಯಿತು, ಅಲ್ಲಿನ ಕಾರ್ಖಾನೆಗಳು ಮುಚ್ಚಿದವು. ಆ ಕಾರ್ಮಿಕರು ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದರು, ತಾವೇ ಬ್ಯಾಂಡ್ ಕಟ್ಟಿ ನುಡಿಸಿದರು. ಅಮೆರಿಕದ ಗಿಟಾರ್ ವಾದಕ ಟಾಮ್ ಮೊರೆಲ್ಲೊ ಅವರ ಬೆನ್ನಿಗೆ ನಿಂತರು. ಒಪ್ಪಂದ ಆದದ್ದು 2019ರ ಏಪ್ರಿಲ್‌ನಲ್ಲಿ. 1982ರ ಗಿರಣಿ ಮುಷ್ಕರ ಕಂಡ ಊರಿನವರು ನಾವು, ಇದನ್ನು ಕೇಳಿ ಸುಮ್ಮನೆ ದಾಟಿಹೋಗಲು ನನ್ನಿಂದಾಗದು. ಈ ಕಾರಣಕ್ಕೆ ಕೋರ್ಟ್ ಬೇಡ ಎನ್ನುವವರ ಮಾತಿಗೆ ನಾನು ತಲೆಬಾಗುತ್ತೇನೆ. ಒಪ್ಪಂದವಾಯಿತು, ಇನ್ನು ಕೊಳ್ಳಬಹುದು ಎನ್ನುವುದು ನನ್ನ ನಿಲುವು. ನೀನು ತಿಳಿದುಕೊಂಡು ನಿರ್ಧರಿಸು.

ಅಂಗಡಿಗೆ ಹೋದಾಗ ಮಾಡಬೇಕಾದದ್ದು ಇಷ್ಟು. ಮೊದಲು ಆಂಪ್ ಬೇಡ. ನೆಕ್‌ನ ಎರಡೂ ಅಂಚಿಗೆ ಅಂಗೈ ಸವರಿ ನೋಡು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ ಏಳನೆಯದರ ಹತ್ತಿರ ಎಷ್ಟು ಸಂದಿ ಇದೆ ನೋಡು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಹನ್ನೆರಡನೆಯ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2 ಮಿಲಿಮೀಟರ್ ಎತ್ತರದಲ್ಲಿರಲಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ನುಡಿಸು, ಅವಸರ ಮಾಡಬೇಡ. ಸಣ್ಣ ತಂತಿಗಳನ್ನು ಹನ್ನೆರಡರಿಂದ ಹದಿನೈದರ ನಡುವೆ ಎಳೆದು ನುಡಿಸು, ಸ್ವರ ಅಲ್ಲೇ ಸತ್ತರೆ ಆ ಗಿಟಾರ್ ಇಟ್ಟುಬಿಡು. ಆಮೇಲೆ ಆಂಪ್‌ಗೆ ಹಾಕಿ ಡಿಸ್ಟಾರ್ಷನ್ ಇಲ್ಲದೆ ಕೇಳು, ನಾಬ್ ತಿರುಗಿಸಿದಾಗ ಕರಕರ ಎನ್ನಬಾರದು, ಜಾಕ್ ಅಲುಗಿದರೆ ಸದ್ದು ನಿಲ್ಲಬಾರದು. ಅದೇ ಮಾಡೆಲಿನ ಎರಡು ಮೂರು ಗಿಟಾರ್ ತರಿಸಿ ಹೋಲಿಸು. ಒಂದೇ ಕಾರ್ಖಾನೆಯ ಒಂದೇ ಮಾಡೆಲಿನಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ಎಂದು ಆಗ ನಿನಗೇ ಕಾಣುತ್ತದೆ. ಬಾಕ್ಸ್‌ನಲ್ಲಿ ಸೀಲ್ ಆಗಿರುವ ಪೀಸ್ ಕೊಡುತ್ತೇವೆ ಎಂದರೆ ಒಪ್ಪಬೇಡ, ನುಡಿಸಿ ನೋಡಿದ್ದನ್ನೇ ಕೇಳಿ ತಗೋ.

ಇರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡ. ಸೆಟಪ್‌ಗೆ, ಒಳ್ಳೆಯ ತಂತಿಗೆ ಎರಡು ಮೂರು ಸಾವಿರ ಎತ್ತಿಡು. ಅಷ್ಟು ಮಾಡಿದ 25 ಸಾವಿರದ ಗಿಟಾರ್, ಸೆಟಪ್ ಕಾಣದ 50 ಸಾವಿರದ್ದಕ್ಕಿಂತ ಚೆನ್ನಾಗಿ ನುಡಿಯುತ್ತದೆ. ಮಾರುವಾಗ ಬೆಲೆ ಬರುವುದಿಲ್ಲ ಎಂದು ಹೆದರಿಸಿದವರ ಮಾತು ನಿಜ, ಸೆಕೆಂಡ್ ಹ್ಯಾಂಡ್‌ನಲ್ಲಿ ಫೆಂಡರ್ ಹೆಸರಿಗಿರುವ ಬೆಲೆ ಇದಕ್ಕಿಲ್ಲ. ನೀನು ಮಾರಲು ಕೊಳ್ಳುತ್ತಿಲ್ಲವಲ್ಲ.

ಶನಿವಾರ ಭಾನುವಾರ ಹೋಗಬೇಡ, ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ವಾರದ ನಡುವೆ ರಜೆ ಹಾಕಿ ಬೆಳಗ್ಗೆ ಬಾ, ಸಿಎಸ್‌ಎಂಟಿಯಿಂದ ಧೋಬಿ ತಲಾವ್‌ಗೆ ನಡೆದುಕೊಂಡೇ ಹೋಗೋಣ. ಅಲ್ಲಿಯವರೆಗೆ ಇನ್ನು ಯಾರನ್ನೂ ವಿಚಾರಿಸಬೇಡ.