16 ಸ್ಲಾಟು, ಒಂದೇ ಪವರ್ ಸಪ್ಲೈ

ಮಾಡ್ಯುಲರ್ ಚಾಸಿಸ್ ಮಾರಲು ಬರುವವರೆಲ್ಲ ಒಂದೇ ಆಟ ಆಡಿ ತೋರಿಸುತ್ತಾರೆ. ಓಡುತ್ತಿರುವ ಚಾಸಿಸ್‌ನಿಂದ ಒಂದು ಎನ್‌ಕೋಡರ್ ಕಾರ್ಡನ್ನು ಎಳೆದು ಕೈಯಲ್ಲಿ ಹಿಡಿಯುತ್ತಾರೆ. ಪಕ್ಕದ ಚಾನೆಲ್ ಅಲ್ಲಾಡುವುದಿಲ್ಲ. ಮತ್ತೆ ತೂರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಚಿತ್ರ ಬರುತ್ತದೆ. ನೋಡಿದವರು ಚೆಕ್ ಬರೆಯುತ್ತಾರೆ. ನಮ್ಮಲ್ಲಿ ಬರೆದವನು ನನ್ನ ದೊಡ್ಡಪ್ಪನ ಮಗ, ಚಾನೆಲ್‌ಗಳನ್ನು ಹಿಡಿದು ಕೇಬಲ್‌ಗೆ ಬಿಡುವ ನಮ್ಮ ಹೆಡ್‌ಎಂಡಿನ ಪಾಲುದಾರ. ಒಂದು ಕಾರ್ಡು ಹೋದರೆ ಏನಾಗುತ್ತದೆಂದು ತೋರಿಸಿದ ಆ ಮಾರಾಟದವನು, ಎಲ್ಲ ಕಾರ್ಡುಗಳಿಗೂ ಸೇರಿದ್ದು ಹೋದರೆ ಏನಾಗುತ್ತದೆಂದು ತೋರಿಸಲಿಲ್ಲ. ಅದನ್ನು ನಾನು ನೋಡಿದ್ದು 2023ರ ಮೇ 13ರ ಬೆಳಿಗ್ಗೆ, ಚಳ್ಳಕೆರೆಯಲ್ಲಿ, ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ.

ಮೊದಲನೇ ಚಾಸಿಸ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್‌ಗಳೆಲ್ಲ ಇದ್ದವು. ಡಿಕೋಡರ್ ಕಾರ್ಡುಗಳು ಡಿಶ್‌ನಿಂದ ಬಂದದ್ದನ್ನು ಬಿಡಿಸುತ್ತವೆ, ಎನ್‌ಕೋಡರ್ ಕಾರ್ಡುಗಳು ಅದನ್ನು ಎಚ್.264ರಲ್ಲಿ ಹಿಂಡಿ ಮಕ್ಸ್‌ಗೆ ಕಳಿಸುತ್ತವೆ. ಚಾಸಿಸ್‌ಗೆ ಎರಡು ಪವರ್ ಸಪ್ಲೈ. ಎರಡೂ ಸರಿಯಿದ್ದರೆ ಹೊರೆ ಹಂಚಿಕೊಳ್ಳುತ್ತವೆ, ಒಂದು ಹೋದರೆ ಇನ್ನೊಂದು ಪೂರ್ತಿ ಹೊರುತ್ತದೆ. ಹಿಂದಿನ ದೀಪಾವಳಿ ಹೊತ್ತಿಗೆ ಒಂದು ಸುಟ್ಟಿತ್ತು. ಬೆಂಗಳೂರಿನ ಡೀಲರ್‌ಗೆ ರಿಪೇರಿಗೆ ಕಳಿಸಿದೆವು. ಅದು ವಾಪಸ್ ಬರಲಿಲ್ಲ, ಮಾತು ಬಂತು: “ಒಂದರಲ್ಲೇ ಓಡುತ್ತೆ ಸರ್, ಇನ್ನೊಂದು ಸುಮ್ನೆ ಸ್ಟ್ಯಾಂಡ್‌ಬೈ.” ಅಣ್ಣನಿಗೆ ಅದೇ ವೇದವಾಕ್ಯ ಆಯಿತು. ಹೊಸದಕ್ಕೆ ಕೊಟೇಶನ್ ತರಿಸಿ ಮುಂದಿಟ್ಟರೆ, “ಓಡ್ತಾ ಐತಲ್ಲೋ, ಸುಮ್ನಿರು” ಅಂದ. ಸಾಲದ್ದಕ್ಕೆ ಯುಗಾದಿಗೆ ಮುಂಚೆ ಅದೇ ಚಾಸಿಸ್‌ಗೆ ಇನ್ನೆರಡು ಎಚ್‌ಡಿ ಎನ್‌ಕೋಡರ್ ಕಾರ್ಡು ಹಾಕಿಸಿದ. ಚಿತ್ರ ಬಿಡಿಸುವುದಕ್ಕಿಂತ ಹಿಂಡುವುದು ಕಷ್ಟದ ಕೆಲಸ. ಕರೆಂಟೂ ಹೆಚ್ಚು ಬೇಕು, ಬಿಸಿಯೂ ಹೆಚ್ಚು. ಮೇ ತಿಂಗಳ ಚಳ್ಳಕೆರೆಯ ಬಿಸಿಲು, ಫ್ಯಾನ್ ಫಿಲ್ಟರ್‌ಗೆ ಮೆತ್ತುವ ಧೂಳು ಬೇರೆ. ಮುಂಭಾಗದಲ್ಲಿ ಉರಿಯುತ್ತಿದ್ದ ಕೆಂಪು ಅಲಾರಂ ದೀಪವನ್ನು ಬಂದವರೆಲ್ಲ ಕೇಳುತ್ತಾರೆಂದು ಅಣ್ಣ ಅದರ ಮೇಲೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದ್ದ!

ಎಣಿಕೆ ಎಂಟಕ್ಕೆ. ಅದಕ್ಕೆ ಸ್ವಲ್ಪ ಮುಂಚೆ ಕರೆಂಟ್ ಒಮ್ಮೆ ಮಿಣುಕಿತು. ಯುಪಿಎಸ್ ಹಿಡಿದುಕೊಂಡಿತು, ಚಾಸಿಸ್ ಹಿಡಿದುಕೊಳ್ಳಲಿಲ್ಲ. ಮಾನಿಟರ್‌ನಲ್ಲಿ ಕನ್ನಡ ನ್ಯೂಸ್‌ನ ಚೌಕಗಳೆಲ್ಲ ಒಟ್ಟಿಗೆ ಕಪ್ಪಾದವು. ಕೆಳಗಿನ ಸಾಲಿನಲ್ಲಿ ಭಕ್ತಿ ಚಾನೆಲ್ಲೂ ಕಾರ್ಟೂನೂ ಆರಾಮಾಗಿ ಓಡುತ್ತಿದ್ದವು. ಅವು ಎರಡನೇ ಚಾಸಿಸ್‌ನವು.

ಫೋನು ಶುರುವಾಯಿತು. ಸಿಗ್ನಲ್ಲನ್ನು ಕೇಬಲ್‌ಗೆ ಏರಿಸುವ ಕ್ವಾಮ್ ಮಾಡ್ಯುಲೇಟರ್ ಬೇರೆಯೇ ಇದ್ದುದರಿಂದ ಕ್ಯಾರಿಯರ್ ಬದುಕಿತ್ತು, ಮೀಟರ್‌ನಲ್ಲಿ ಲೆವೆಲ್ ಸರಿಯಾಗಿಯೇ ಬರುತ್ತಿತ್ತು. “ಸಿಗ್ನಲ್ ಐತೆ, ಪಿಕ್ಚರ್ ಇಲ್ಲ” ಎಂದು ಆಪರೇಟರ್‌ಗಳ ಹುಡುಗರು ಕಂಬ ಹತ್ತಿ ಆಂಪ್ಲಿಫೈಯರ್ ಬಿಚ್ಚತೊಡಗಿದರು. ಅವರನ್ನು ಇಳಿಸುವುದೇ ಒಂದು ಕೆಲಸವಾಯಿತು. ಡೀಲರ್‌ನ ಇಂಜಿನಿಯರ್ ಕೊನೆಗೂ ಫೋನ್ ಎತ್ತಿ, “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್” ಎಂದ. ಆಫ್ ಆಗಿರುವುದನ್ನು ಇನ್ನು ಹೇಗಪ್ಪಾ ಆಫ್ ಮಾಡಲಿ? ಸ್ಪೇರ್ ಕೇಳಿದೆ. ಸ್ಟಾಕ್ ಇಲ್ಲ, ಹೊರದೇಶದಿಂದ ಬರಬೇಕು ಎಂದ.

ಎಂಟೂವರೆಗೆ ಶಲ್ಯ ಹೊದ್ದ ಒಂದು ಗುಂಪು ಮೆಟ್ಟಿಲು ಹತ್ತಿ ಬಂತು. “ನಮ್ಮಣ್ಣ ಲೀಡಲ್ಲಿ ಅವ್ರೆ ಅಂತ ಬೇಕಂತ್ಲೇ ತೆಗ್ದಿದೀರಿ!” ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಂದು ಬಣ್ಣದ ಶಲ್ಯದವರು ಬಂದು ಅದೇ ಮಾತು ಆಡಿದರು. ನಾವು ಯಾವ ಪಕ್ಷದವರೂ ಅಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳುವುದು? ಅಣ್ಣ ಒಳಗಿನ ರೂಮಿನಲ್ಲಿ ಕೂತು ಡೀಲರ್‌ನ ಮೇಲಿನವರಿಗೆ ಫೋನ್ ಹಚ್ಚುತ್ತಲೇ ಇದ್ದ.

ಎರಡನೇ ಚಾಸಿಸ್ ಅದೇ ಮಾಡೆಲ್. ಅದರ ಎರಡೂ ಪವರ್ ಸಪ್ಲೈ ಚೆನ್ನಾಗಿದ್ದವು, ಅರ್ಧ ಸ್ಲಾಟು ಖಾಲಿ. ಒಂದನ್ನು ತೆಗೆಯುತ್ತೇನೆ ಎಂದೆ. ಅಣ್ಣ ಎದ್ದು ಬಂದು ಅಡ್ಡ ನಿಂತ: “ಇರೋದೂ ಹೋದ್ರೆ?” ವಾರಂಟಿ ಹೋಗುತ್ತದೆಂದು ಇಂಜಿನಿಯರ್ ಸ್ಪೀಕರ್‌ನಲ್ಲಿ ದನಿಗೂಡಿಸಿದ. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಮೊದಲು ಸತ್ತ ಚಾಸಿಸ್‌ನಿಂದ ಎಚ್‌ಡಿ ಕಾರ್ಡುಗಳನ್ನು ಹೊರಗೆಳೆದು ಹೊರೆ ಇಳಿಸಿದೆ. ಆಮೇಲೆ ಎರಡನೆಯದರ ಚಿಲಕ ಒತ್ತಿ ಪವರ್ ಸಪ್ಲೈ ಎಳೆದೆ. ಕಾರ್ಟೂನ್ ಮಿಸುಕಲಿಲ್ಲ. ಇತ್ತ ತೂರಿಸಿದ ಕೂಡಲೇ ಫ್ಯಾನುಗಳು ಜೋರಾಗಿ ಕೂಗಿದವು.

ಅಷ್ಟಕ್ಕೇ ಮುಗಿಯಲಿಲ್ಲ. ಕಾರ್ಡುಗಳು ಎದ್ದವು, ಆದರೆ ಚಿತ್ರವೆಲ್ಲ ಚೂರು ಚೂರು ಚೌಕ, ದನಿ ಕಡಿದು ಕಡಿದು. ಯುಗಾದಿಗೆ ಮುಂಚೆ ಬಂದಿದ್ದ ಡೀಲರ್‌ನ ಹುಡುಗ ಮಲ್ಟಿಕಾಸ್ಟ್ ಅಡ್ರೆಸ್‌ಗಳನ್ನು ಬದಲಾಯಿಸಿ, ಸೇವ್ ಮಾಡದೆ ಊಟಕ್ಕೆ ಹೋಗಿ ಅಲ್ಲಿಂದಲೇ ಬಸ್ಸು ಹತ್ತಿದ್ದ. ಕರೆಂಟ್ ಹೋಗಿ ಬಂದದ್ದೇ ಕಂಟ್ರೋಲರ್ ಹಳೇ ಪಟ್ಟಿ ಓದಿಕೊಂಡಿತ್ತು. ಎರಡೆರಡು ಕಾರ್ಡು ಒಂದೇ ಅಡ್ರೆಸ್‌ಗೆ ಚಾನೆಲ್ ಸುರಿಯುತ್ತಿದ್ದವು. ಪುಣ್ಯಕ್ಕೆ 239ರಿಂದ ಶುರುವಾಗುವ ಆ ಅಡ್ರೆಸ್‌ಗಳನ್ನೂ ಪೋರ್ಟ್ ನಂಬರುಗಳನ್ನೂ ಅವನು ಬಂದಿದ್ದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಇದೇ ಪುಸ್ತಕಕ್ಕೆ ಅಣ್ಣ “ಕಿರಾಣಿ ಲೆಕ್ಕ” ಎನ್ನುತ್ತಿದ್ದ. ಒಂದೊಂದಾಗಿ ಹೊಡೆದೆ. ಎಚ್‌ಡಿ ಬಿಟ್ಟು ಉಳಿದೆಲ್ಲ ಬಂದಾಗ ಹತ್ತಾಗುತ್ತ ಬಂದಿತ್ತು. ರಾಜ್ಯ ಯಾವ ಕಡೆ ವಾಲುತ್ತಿದೆಯೆಂದು ಊರಿಗೆಲ್ಲ ಮೊಬೈಲ್‌ನಲ್ಲೇ ಗೊತ್ತಾಗಿತ್ತು.

ಹೆಡ್‌ಎಂಡ್ ನಡೆಸುವವರಿಗೆ ಹೇಳುವುದು ಇಷ್ಟು. 16 ಮನೆಗೆ ಒಂದೇ ಬೋರ್‌ವೆಲ್ ಇದ್ದಂತೆ ಈ ಚಾಸಿಸ್: ನಲ್ಲಿ ಎಷ್ಟು ಎಂದು ಕೇಳಬೇಡಿ, ಮೋಟಾರ್ ಎಷ್ಟು ಎಂದು ಕೇಳಿ. ಕನ್ನಡ ನ್ಯೂಸ್ ಚಾನೆಲ್‌ಗಳನ್ನು ಎರಡು ಚಾಸಿಸ್‌ಗೆ ಹಂಚಿ. ಎರಡು ಪವರ್ ಸಪ್ಲೈಗಳ ವೈರನ್ನು ಬೇರೆ ಬೇರೆ ಯುಪಿಎಸ್‌ಗೆ ಕೊಡಿ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡನ್ನೂ ಚುಚ್ಚಿದರೆ ಇದ್ದೂ ಇಲ್ಲದ ಲೆಕ್ಕ. ಸೆಟ್ಟಿಂಗ್ ಬದಲಾಯಿಸಿದವನು ಸೇವ್ ಮಾಡಿ ಕಾಪಿ ಕೊಡುವ ತನಕ ಬಿಲ್ಲಿಗೆ ಸಹಿ ಹಾಕಬೇಡಿ. ಆರ್ಡರ್ ಕೊಡುವ ಮುಂಚೆ ಡೀಲರ್‌ಗೆ ಕೇಳಿ: ಈ ಮಾಡೆಲ್‌ನ ಪವರ್ ಸಪ್ಲೈ ಈವತ್ತು ನಿಮ್ಮ ಗೋಡೌನ್‌ನಲ್ಲಿ ಇದೆಯೇ? ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳಿ.