ಸಮಾಜವಿಜ್ಞಾನ ಸಂಸ್ಥೆಗಳ ನೆರೆಹೊರೆ

ಮನುಷ್ಯರು ಕೂಡಿ ಬಾಳುವ ರೀತಿಯನ್ನು, ಅವರ ದುಡಿಮೆ, ಆಡಳಿತ, ನಂಬಿಕೆಗಳನ್ನು ಕ್ರಮವಾಗಿ ಅಭ್ಯಾಸ ಮಾಡುವ ಶಾಸ್ತ್ರಗಳಿಗೆ ಸಮಾಜವಿಜ್ಞಾನಗಳೆಂದು ಹೆಸರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರಗಳು ಈ ಗುಂಪಿಗೆ ಸೇರಿದವು. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆಯಿರುವಂತೆ ಈ ಶಾಸ್ತ್ರಗಳಿಗೆ ಊರುಕೇರಿಗಳೇ ಪ್ರಯೋಗಶಾಲೆ. ಆದರೆ ಒಂದು ವ್ಯತ್ಯಾಸವುಂಟು. ಗಾಜಿನ ನಳಿಗೆಯಲ್ಲಿರುವ ವಸ್ತು ತಿರುಗಿ ಪ್ರಶ್ನೆ ಕೇಳುವುದಿಲ್ಲ. ಊರಿನ ಜನ ಕೇಳುತ್ತಾರೆ. ಈ ಲೇಖನವನ್ನು ಬರೆಯಲು ನನಗೆ ಪ್ರೇರಣೆಯಾದುದು ಅಂಥ ಒಂದು ಪ್ರಶ್ನೆಯೇ.

ನನ್ನ ತಾಯಿ ಜಾವಳಿಯ ಬಳಿ ಒಂದು ಕಾಫಿತೋಟದಲ್ಲಿ ಕೂಲಿ ಮಾಡುತ್ತಾರೆ. ನಾವಿರುವುದು ತೋಟದ ಲೈನು ಮನೆಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ, ಪದವಿಪೂರ್ವ ತರಗತಿಯಲ್ಲಿದ್ದಾಗ ಒಮ್ಮೆ, ಕಳೆದ ವರ್ಷ ಮತ್ತೊಮ್ಮೆ ಅಚ್ಚುಹಾಕಿದ ಪ್ರಶ್ನಾವಳಿ ಹಿಡಿದವರು ನಮ್ಮ ಲೈನಿಗೆ ಬಂದರು. ಮೂರು ಸಲವೂ ಬೇರೆ ಬೇರೆ ಕಡೆಯವರು. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಎಷ್ಟು ಜನ, ಕೂಲಿ ಎಷ್ಟು, ಸಾಲ ಎಷ್ಟು, ನೀರು ಎಲ್ಲಿಂದ. ಮೂರನೆಯ ಸಲ ಅವ್ವ, “ಅಲ್ಲ ಸ್ವಾಮಿ, ಇದನ್ನೆಲ್ಲ ಮೊದಲು ಬಂದೋರಿಗೇ ಹೇಳಿದ್ನಲ್ಲ. ನೀವು ನೀವು ಮಾತಾಡ್ಕೊಳ್ಳೋದಿಲ್ವಾ?” ಎಂದು ಕೇಳಿದರು. ಬಂದಿದ್ದ ಯುವಕ ನಕ್ಕು ಮುಂದಿನ ಅಂಕಣ ತುಂಬಿದ. ಸಮೀಕ್ಷಾ ವಿಧಾನದ ಮೇಲೆ ಟಿಪ್ಪಣಿ ಬರೆದುಕೊಂಡು ಅಲ್ಲೇ ಕುಳಿತಿದ್ದ ನನಗೂ ಉತ್ತರ ತೋಚಲಿಲ್ಲ. ಆದರೆ ಅಕ್ಷರ ಬಾರದ ನನ್ನ ತಾಯಿ ಕೇಳಿದ್ದು ದೊಡ್ಡ ವಿದ್ವಾಂಸರು ಬಹುಕಾಲದಿಂದ ಚಿಂತಿಸುತ್ತಿರುವ ವಿಷಯವೆಂದು ಆಮೇಲೆ ಓದುತ್ತ ತಿಳಿಯಿತು.

ನಮ್ಮ ಊರಿನ ಬಳಿಯ ಬಲ್ಲಾಳರಾಯನ ದುರ್ಗವನ್ನು ಹತ್ತಿ ನಿಂತರೆ ಕೆಳಗೆ ಬೆಳ್ತಂಗಡಿ ಸೀಮೆಯ ಕಾಡು, ತೋಟಗಳು ಕಾಣುತ್ತವೆ. ಕಣ್ಣಿಗೆ ಅದು ಪಕ್ಕದ ಊರು. ಆದರೆ ಬಸ್ಸಿನಲ್ಲಿ ಹೋಗಬೇಕಾದರೆ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿಯನ್ನು ಇಳಿಯಬೇಕು. ವಿದ್ಯೆಯ ಲೋಕದಲ್ಲಿಯೂ ಇಂಥ ಸುತ್ತುದಾರಿಗಳಿವೆ. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ನಮ್ಮಂತೆಯೇ ಕಾಫಿ ಬೆಳೆಯುವ ಕೊಡಗಿನ ಸಮಾಜವನ್ನು ಕುರಿತು ೧೯೫೨ರಲ್ಲಿ ಪ್ರಕಟಿಸಿದ ಗ್ರಂಥ ಪ್ರಖ್ಯಾತವಾದುದು. ಅದು ರೂಪುಗೊಂಡದ್ದು ಆಕ್ಸ್‌ಫರ್ಡಿನಲ್ಲಿ. ಅಲ್ಲಿ ಅವರ ಗುರುಗಳಲ್ಲಿ ಒಬ್ಬರಾದ ಇವಾನ್ಸ್-ಪ್ರಿಚರ್ಡ್ ಸುಡಾನಿನ ನೂಯರ್ ಜನರನ್ನು ಅಭ್ಯಾಸ ಮಾಡಿ ಹೆಸರಾದವರು. ಅನಂತರ ೧೯೫೪ರಿಂದ ೧೯೫೬ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಸಂಶೋಧನೆ ಮಾಡಿದರು. ಅವರು ಮ್ಯಾಂಚೆಸ್ಟರಿನಿಂದ ಬಂದವರು. ಅಲ್ಲಿನ ಮಾನವಶಾಸ್ತ್ರ ವಿಭಾಗವನ್ನು ಕಟ್ಟಿದ ಮ್ಯಾಕ್ಸ್ ಗ್ಲಕ್‌ಮನ್, ಇಂದಿನ ಜಾಂಬಿಯದಲ್ಲಿ ೧೯೩೭ರಲ್ಲಿ ಸ್ಥಾಪಿತವಾದ ರೋಡ್ಸ್-ಲಿವಿಂಗ್‌ಸ್ಟನ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅಂದರೆ ಆಫ್ರಿಕದ ಹಳ್ಳಿಗಳಲ್ಲಿ ಕಲಿತ ಪಾಠ ಇಂಗ್ಲೆಂಡನ್ನು ಬಳಸಿಕೊಂಡು ಮಂಡ್ಯಕ್ಕೆ ಬಂದಿತು. ಆಫ್ರಿಕಕ್ಕೂ ನಮಗೂ ನಡುವೆ ಇದ್ದುದು ಒಂದೇ ಸಮುದ್ರವಾದರೂ ನೇರ ದಾರಿ ಇರಲಿಲ್ಲ.

ಈ ಸುತ್ತುದಾರಿಯಿಂದ ಲಾಭವೇ ಆಗಲಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. ಎಪ್‌ಸ್ಟೈನರ ಗ್ರಂಥ ೧೯೬೨ರಲ್ಲಿ ಹೊರಬಂದಿತು. ಅದರಲ್ಲಿ ಅವರು ಎರಡು ಹಳ್ಳಿಗಳಿಗೂ ಕಲ್ಪಿತ ಹೆಸರುಗಳನ್ನಿತ್ತಿದ್ದಾರೆ. ‘ವಂಗಲ’ಕ್ಕೆ ನಾಲೆಯ ನೀರು ಬಂದಿತು, ‘ದಲೇನ’ಕ್ಕೆ ಬರಲಿಲ್ಲ. ನೀರು ಬಂದ ಹಳ್ಳಿ ಕಬ್ಬು ಬೆಳೆದು ಹಣ ಕಂಡರೂ ಹಳೆಯ ಕಟ್ಟುಪಾಡಿನಲ್ಲಿಯೇ ಬಹುಮಟ್ಟಿಗೆ ಉಳಿಯಿತು. ನೀರು ಬಾರದ ಹಳ್ಳಿಯ ಜನ ಹೊರಗಿನ ಉದ್ಯೋಗ ವ್ಯಾಪಾರಗಳನ್ನು ಅರಸಿ ಹೋದುದರಿಂದ ಅಲ್ಲಿಯ ಸಾಮಾಜಿಕ ಜೀವನವೇ ಹೆಚ್ಚು ಬದಲಾಯಿತು. ಒಂದೇ ಹಳ್ಳಿಯನ್ನು ನೋಡಿದ್ದರೆ ಈ ಸತ್ಯ ಹೊಳೆಯುತ್ತಿರಲಿಲ್ಲ. ಹೋಲಿಕೆಯೇ ಸಮಾಜವಿಜ್ಞಾನದ ತಕ್ಕಡಿ. ಅದರ ಎರಡು ತಟ್ಟೆಗಳು ಎರಡು ಸಂಸ್ಥೆಗಳ ಕೈಯಲ್ಲಿದ್ದು, ಅವು ಒಂದನ್ನೊಂದು ಮಾತನಾಡಿಸದಿದ್ದರೆ ತೂಗುವುದು ಹೇಗೆ?

ಆಫ್ರಿಕದ ವಿದ್ವಾಂಸರು ಈ ಪ್ರಶ್ನೆಯನ್ನು ನಮಗಿಂತ ತೀವ್ರವಾಗಿ ಎದುರಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಫ್ರೆಂಚ್ ಆಳಿದ ದೇಶಗಳ ವಿದ್ವಾಂಸರು ಪ್ಯಾರಿಸಿನತ್ತ, ಇಂಗ್ಲಿಷರು ಆಳಿದ ದೇಶಗಳವರು ಲಂಡನ್ನಿನತ್ತ ಮುಖ ಮಾಡಿದ್ದರು. ಗಡಿ ಹಂಚಿಕೊಂಡ ಎರಡು ದೇಶಗಳ ಪಂಡಿತರಿಗೆ ಪರಸ್ಪರ ಪರಿಚಯವಿರಲಿಲ್ಲ. ಇದನ್ನು ನೀಗಿಸಲು ೧೯೭೩ರಲ್ಲಿ ಸೆನೆಗಲ್ ದೇಶದ ಡಕಾರ್ ನಗರದಲ್ಲಿ ‘ಕೊಡೆಸ್ರಿಯಾ’ ಎಂಬ ಪರಿಷತ್ತು ಸ್ಥಾಪಿತವಾಯಿತು. ಈಜಿಪ್ಟಿನ ಅರ್ಥಶಾಸ್ತ್ರಜ್ಞ ಸಮೀರ್ ಅಮೀನ್ ಅದರ ಮೊದಲ ಕಾರ್ಯದರ್ಶಿಗಳು. ಬೇರೆ ಬೇರೆ ದೇಶಗಳ ಸಂಶೋಧಕರನ್ನು ಒಂದೇ ವಿಷಯದ ಮೇಲೆ ತಂಡವಾಗಿ ದುಡಿಸುವುದು, ಪ್ರಬಂಧ ಬರೆಯುವ ಬಡ ವಿದ್ಯಾರ್ಥಿಗಳಿಗೆ ಸಣ್ಣ ಧನಸಹಾಯ ಕೊಡುವುದು, ಸಂಶೋಧನಾ ವಿಧಾನದ ಶಿಬಿರ ನಡೆಸುವುದು, ಪತ್ರಿಕೆ ಪುಸ್ತಕಗಳನ್ನು ಹೊರತರುವುದು ಇದರ ಕೆಲಸ. ಪೂರ್ವಭಾಗದ ದೇಶಗಳಿಗಾಗಿ ೧೯೮೦ರಲ್ಲಿ ‘ಒಸ್ರಿಯಾ’ ಎಂಬ ಇನ್ನೊಂದು ಸಂಘಟನೆ ಹುಟ್ಟಿ ಅಡಿಸ್ ಅಬಾಬವನ್ನು ಕೇಂದ್ರ ಮಾಡಿಕೊಂಡಿತು.

ಇದರಿಂದ ಫಲವೇನಾಯಿತು? ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕು ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿಗಳು ಸಾಲಕ್ಕೆ ಷರತ್ತು ಹಾಕಿ ಆಫ್ರಿಕದ ಸರ್ಕಾರಗಳ ವೆಚ್ಚವನ್ನು ಕಡಿತಗೊಳಿಸಿದವು. ವಿಶ್ವವಿದ್ಯಾನಿಲಯಗಳು ಸೊರಗಿದವು. ಒಂಟಿಯಾಗಿದ್ದ ಅಧ್ಯಾಪಕನಿಗೆ ಉತ್ತರ ಕೊಡುವ ಶಕ್ತಿಯಿರಲಿಲ್ಲ. ಆದರೆ ಕೂಡಿ ದುಡಿದವರು ಉತ್ತರ ಕೊಟ್ಟರು. ಹಲವು ದೇಶಗಳ ಅರ್ಥಶಾಸ್ತ್ರಜ್ಞರ ಅಧ್ಯಯನಗಳನ್ನು ಆಧರಿಸಿ ತಂಡಿಕ ಮ್ಕಂಡವಿರೆ ಮತ್ತು ಚಾರ್ಲ್ಸ್ ಸೊಲುಡೊ ಅವರು ಆ ನೀತಿಯನ್ನು ಆಫ್ರಿಕದ ಕಣ್ಣಿನಿಂದ ವಿಮರ್ಶಿಸಿದ ಗ್ರಂಥ ೧೯೯೯ರಲ್ಲಿ ಪ್ರಕಟವಾಯಿತು. ಇದಕ್ಕೆ ಮೊದಲೇ, ೧೯೯೦ರಲ್ಲಿ, ಉಗಾಂಡದ ಕಂಪಾಲದಲ್ಲಿ ಸೇರಿದ ವಿದ್ವಾಂಸರು ವಿಚಾರ ಸ್ವಾತಂತ್ರ್ಯವನ್ನೂ ಸಮಾಜದ ಬಗೆಗಿನ ತಮ್ಮ ಹೊಣೆಯನ್ನೂ ಸಾರುವ ಘೋಷಣೆಯನ್ನು ಹೊರಡಿಸಿದ್ದರು. ಒಬ್ಬನ ದನಿ ಅಡಗಿಸುವುದು ಸುಲಭ, ನೆರೆಹೊರೆಯೆಲ್ಲ ಸೇರಿ ಆಡಿದ ಮಾತನ್ನು ಅಡಗಿಸುವುದು ಕಷ್ಟ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಮ್ಮ ನಾಡಿನ ಕಡೆ ನೋಡೋಣ. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು ೧೯೬೯ರಲ್ಲಿ ಸ್ಥಾಪಿತವಾಯಿತು. ಡಾ. ವಿ. ಕೆ. ಆರ್. ವಿ. ರಾವ್ ಅವರು ೧೯೭೨ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ದೆಹಲಿಯಲ್ಲಿದ್ದ ಶ್ರೀನಿವಾಸರೂ ಅಲ್ಲಿಗೆ ಬಂದು ಸೇರಿದರು. ಅರ್ಥಶಾಸ್ತ್ರಜ್ಞರೊಬ್ಬರೂ ಸಮಾಜಶಾಸ್ತ್ರಜ್ಞರೊಬ್ಬರೂ ಒಂದೇ ಸೂರಿನಡಿ ಕುಳಿತದ್ದೇ ಸಹಕಾರದ ಮೊದಲ ಮೆಟ್ಟಿಲು. ಅದೇ ದಶಕದ ಆರಂಭದಲ್ಲಿ ತಿರುವನಂತಪುರದಲ್ಲಿ ಕೆ. ಎನ್. ರಾಜ್ ಅವರೂ ಮದ್ರಾಸಿನಲ್ಲಿ ಮಾಲ್ಕಂ ಆದಿಶೇಷಯ್ಯನವರೂ ಇಂಥವೇ ಸಂಸ್ಥೆಗಳಿಗೆ ತಳಹದಿ ಹಾಕಿದರು. ಹೈದರಾಬಾದಿನಲ್ಲಿ ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಹೀಗೆ ದಕ್ಷಿಣದ ನಾಲ್ಕು ನಗರಗಳಲ್ಲಿ ನಾಲ್ಕು ದೀಪಗಳಿವೆ. ಒಂದರ ಬೆಳಕು ಇನ್ನೊಂದರ ಅಂಗಳಕ್ಕೆ ಬೀಳಬೇಕಾದುದು ಮುಖ್ಯ.

ಬಿದ್ದುದಕ್ಕೆ ಒಂದು ಉದಾಹರಣೆಯುಂಟು, ಮತ್ತು ಅದು ಜಾವಳಿಯವನಾದ ನನಗೆ ತೀರ ಹತ್ತಿರದ್ದು. ನಮ್ಮ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕಾವೇರಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. ೨೦೦೨ರಲ್ಲಿ ಮಳೆ ಕೈಕೊಟ್ಟು ಎರಡು ರಾಜ್ಯಗಳ ನಡುವಿನ ವಿವಾದ ಉಲ್ಬಣಿಸಿತು. ಮರುವರ್ಷ ಮದ್ರಾಸಿನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ಕಡೆಯ ರೈತರು ಒಂದೆಡೆ ಕುಳಿತು ‘ಕಾವೇರಿ ಕುಟುಂಬ’ ಎಂಬ ಸಮಿತಿಯನ್ನು ರಚಿಸಿಕೊಂಡರು. ಒಬ್ಬರ ಹೊಲಗದ್ದೆಗಳಿಗೆ ಇನ್ನೊಬ್ಬರು ಹೋಗಿ ನೋಡಿದರು. ವಿವಾದ ಇದರಿಂದ ಬಗೆಹರಿಯಲಿಲ್ಲ. ಅಂತಿಮ ತೀರ್ಪು ೨೦೧೮ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ಬರಬೇಕಾಯಿತು. ಆದರೂ ಬೀದಿಯಲ್ಲಿ ಕಲ್ಲು ಹಾರುತ್ತಿದ್ದ ಕಾಲದಲ್ಲಿ ವೈರಿಗಳೆನಿಸಿಕೊಂಡವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದು ಒಂದು ಸಂಶೋಧನಾ ಸಂಸ್ಥೆಯೆಂಬುದು ಸಣ್ಣ ಮಾತಲ್ಲ.

ಗಿಡಗಳ ವಿಷಯದಲ್ಲಿ ಈ ನೆರೆಹೊರೆ ಇನ್ನೂ ಹಳೆಯದು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಕಾಫಿ ಸಂಶೋಧನೆ ಆರಂಭವಾಯಿತು. ಅಲ್ಲಿ ರೂಪುಗೊಂಡ ಎಸ್. ೭೯೫ ತಳಿಯ ವಂಶದಲ್ಲಿ ಇಥಿಯೋಪಿಯ ಮೂಲದ ಅರೇಬಿಕಾದ ಅಂಶವೂ ಪಶ್ಚಿಮ ಆಫ್ರಿಕದ ಲೈಬೀರಿಕಾದ ಅಂಶವೂ ಸೇರಿವೆ. ಎಲೆಯ ತುಕ್ಕುರೋಗವನ್ನು ಅಭ್ಯಾಸ ಮಾಡಲು ೧೯೫೫ರಲ್ಲಿ ಪೋರ್ಚುಗಲ್ಲಿನಲ್ಲಿ ಒಂದು ಕೇಂದ್ರ ತೆರೆದಾಗ ಕಾಫಿ ಬೆಳೆಯುವ ನಾಡುಗಳೆಲ್ಲ ರೋಗದ ಮಾದರಿಗಳನ್ನು ಅಲ್ಲಿಗೆ ಕಳಿಸಿದವು. ೧೯೮೯ರಲ್ಲಿ ಅಂತಾರಾಷ್ಟ್ರೀಯ ಕೋಟಾ ಪದ್ಧತಿ ಮುರಿದುಬಿದ್ದ ಮೇಲೆ ಬೆಲೆಯ ಏರಿಳಿತವು ಉಗಾಂಡದ ಬೆಳೆಗಾರನನ್ನೂ ಮೂಡಿಗೆರೆಯ ಬೆಳೆಗಾರನನ್ನೂ ಒಂದೇ ಉಯ್ಯಾಲೆಯಲ್ಲಿ ತೂಗುತ್ತಿದೆ. ಬೆಲೆ ಬಿದ್ದ ವರ್ಷ ಕೂಲಿಯವರ ಮನೆಯಲ್ಲಿ ಮೊದಲು ಕಡಿತವಾಗುವುದು ಏನು? ಮಕ್ಕಳ ಶಾಲೆಯೇ, ಔಷಧಿಯೇ, ಅಕ್ಕಿಯೇ? ಎಲೆಯ ರೋಗಕ್ಕೆ ದೊರೆತ ಜಂಟಿ ಸಂಶೋಧನೆ ಹಣ್ಣು ಬಿಡಿಸುವ ಕೈಗಳಿಗೂ ದೊರೆಯಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಸಹಕಾರದ ದಾರಿಯಲ್ಲಿ ತೊಡಕುಗಳೂ ಇವೆ. ಮೊದಲನೆಯದು ಹಣ. ಕೊಡೆಸ್ರಿಯಾ ಸ್ವೀಡನ್ ಮೊದಲಾದ ಹೊರದೇಶಗಳ ನೆರವನ್ನು ಬಹಳವಾಗಿ ನಂಬಿಕೊಂಡು ಬಂದಿದೆ. ನಮ್ಮ ಸಂಸ್ಥೆಗಳು ಸರ್ಕಾರಗಳ ಅನುದಾನವನ್ನು ನಂಬಿವೆ. ಹಣ ಕೊಡುವವನು ಪ್ರಶ್ನೆಯನ್ನೂ ತಾನೇ ಆರಿಸಿಕೊಡುವ ಅಪಾಯ ಎರಡೂ ಕಡೆ ಇದೆ. ಎರಡನೆಯದು ಭಾಷೆ. ಆ ಪರಿಷತ್ತು ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್, ಅರಬ್ಬಿ ಎಂಬ ನಾಲ್ಕು ಭಾಷೆಗಳಲ್ಲಿ ವ್ಯವಹರಿಸುತ್ತದೆ. ಡಕಾರಿನ ಬೀದಿಯಲ್ಲಿ ಜನ ಆಡುವ ಒಲೊಫ್ ಭಾಷೆ ಈ ಪಟ್ಟಿಯಲ್ಲಿಲ್ಲ. ನಮ್ಮಲ್ಲಿಯೂ ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಸಂಸ್ಥೆ ಸಂಸ್ಥೆಗಳು ಮಾತನಾಡಿಕೊಂಡರೂ ಉತ್ತರ ಕೊಟ್ಟ ತಾಯಿಗೆ ಆ ಮಾತು ತಿಳಿಯದಿದ್ದರೆ ನೆರೆಹೊರೆ ಅರ್ಧವೇ ಆದಂತೆ.

ದೊಡ್ಡ ಸಂಸ್ಥೆಗಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನಮ್ಮ ಕೈಲಾಗುವ ಕೆಲಸವೊಂದಿದೆ. ವರ್ಷ ವರ್ಷವೂ ನಾವು ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಸಮೀಕ್ಷೆ ಮಾಡಿ, ಅಂಕ ಬಂದ ಮೇಲೆ ಆ ಕಾಗದಗಳನ್ನು ಮರೆಯುತ್ತೇವೆ. ಅವುಗಳ ಒಂದು ಪ್ರತಿ ನಮ್ಮ ಗ್ರಂಥಾಲಯದಲ್ಲಿ ಊರಿನ ಹೆಸರಿನಡಿ ಇರಲಿ. ಮಲೆನಾಡಿನ ಇತರ ತಾಲ್ಲೂಕುಗಳ ಕಾಲೇಜುಗಳೊಡನೆ ಪಟ್ಟಿಯನ್ನು ಬದಲಾಯಿಸಿಕೊಳ್ಳೋಣ. ಹೊಸ ಪ್ರಶ್ನಾವಳಿ ಬರೆಯುವ ಮೊದಲು ಹಳೆಯ ಉತ್ತರಗಳನ್ನು ಓದೋಣ. ಕನ್ನಡದಲ್ಲಿ ಎರಡು ಪುಟದ ಸಾರಾಂಶ ಬರೆದು ಆ ಊರಿನ ಪಂಚಾಯಿತಿಯಲ್ಲಿ ಗಟ್ಟಿಯಾಗಿ ಓದಿ ಹೇಳೋಣ. ನಮ್ಮ ಅಧ್ಯಾಪಕವರ್ಗದವರು ಮನಸ್ಸು ಮಾಡಿದರೆ ಇದಕ್ಕೆ ಬೇಕಾಗುವುದು ಒಂದು ಕಪಾಟು ಮತ್ತು ಒಂದು ಲೆಕ್ಕದ ಪುಸ್ತಕ.

ಈ ಬೇಸಿಗೆಯಲ್ಲಿ ನಾನು ನಮ್ಮ ಲೈನಿನ ಹದಿನಾಲ್ಕು ಮನೆಗಳ ವಿವರ ಬರೆದುಕೊಂಡೆ. ಮುಗಿದ ಮೇಲೆ ರಾತ್ರಿ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ಎರಡು ಮನೆಯವರು ತಪ್ಪು ತಿದ್ದಿದರು. ಅವ್ವ, “ಇದನ್ನ ಜೋಪಾನ ಇಡು. ಮುಂದೆ ಯಾರಾದ್ರೂ ಬಂದ್ರೆ ಇದನ್ನೇ ಕೊಡಬಹುದು” ಎಂದರು.