ಯಾವ ಸ್ಪ್ರೇ ವ್ಯಾಕ್ಸ್ ತಗೊಳ್ಳಲಿ ಅಂದ ಮಗಳಿಗೆ ದೊಡ್ಡಪ್ಪನ ಕಿವಿಮಾತು

ಕೆಂಗೇರಿ ಉಪನಗರದ ಮನೆ ಮುಂದೆ ಹೊಸ ಕಾರು ಬಂತಲ್ಲ, ತುಂಬ ಸಂತೋಷ ಕಣಮ್ಮ. ಮೂರು ಬಾಟಲಿಗಳ ಫೋಟೋ ಕಳಿಸಿ ಯಾವುದು ಒಳ್ಳೇದು ಅಂತ ಕೇಳಿದ್ದೀಯ. ರಾತ್ರಿ ಹೊತ್ತು ಕಾರು ಎಲ್ಲಿ ನಿಲ್ಲುತ್ತೆ, ತೊಳೆಯೋಕೆ ಯಾವ ನೀರು ಸಿಗುತ್ತೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಅದನ್ನ ಮನಸ್ಸಲ್ಲಿಟ್ಟುಕೊಂಡು ಓದು.

• ಮೊದಲು ಮೂರರ ಗುಣ ತಿಳ್ಕೊ. ಕಾರ್ನೌಬಾ ಅನ್ನೋದು ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯೋ ಮೇಣ. ಕಪ್ಪು, ಕಡುಗೆಂಪು ಬಣ್ಣದ ಮೇಲೆ ಅದರ ಹೊಳಪೇ ಚೆಂದ, ಆದರೆ ಸ್ಪ್ರೇ ರೂಪದಲ್ಲಿ ಕೆಲವೇ ವಾರ ನಿಲ್ಲುತ್ತೆ. ಪಾಲಿಮರ್ ಸ್ಪ್ರೇ ಅದಕ್ಕಿಂತ ಹೆಚ್ಚು ದಿನ ಇರುತ್ತೆ. ‘ಸೆರಾಮಿಕ್’ ಅಂತ ಬರೆದಿರೋದರಲ್ಲಿ ಸಿಲಿಕಾ ಅಂಶ ಇರುತ್ತೆ, ಸರಿಯಾಗಿ ಹಚ್ಚಿದರೆ ಕೆಲವು ತಿಂಗಳು ಬಾಳುತ್ತೆ. ಡಿಟೇಲಿಂಗ್‌ನವರು ಸಾವಿರಗಟ್ಟಲೆ ರೂಪಾಯಿ ತಗೊಂಡು ಮಾಡೋ ಸೆರಾಮಿಕ್ ಕೋಟಿಂಗ್ ಬೇರೆ, ಈ ಬಾಟಲಿ ಬೇರೆ. ಹೆಸರು ಒಂದೇ ಅಂತ ವರ್ಷಗಟ್ಟಲೆ ಬಾಳಿಕೆ ಇದರಿಂದ ಬಯಸಬೇಡ.

• ಹಚ್ಚೋ ವಿಧಾನ ಓದದೆ ದುಡ್ಡು ಕೊಡಬೇಡ. ನೀನು ಕಳಿಸಿದ ಮೆಗ್ವಯರ್ಸ್ ಹೈಬ್ರಿಡ್ ಸೆರಾಮಿಕ್ ವ್ಯಾಕ್ಸ್ ಒದ್ದೆ ಕಾರಿಗೆ ಸಿಂಪಡಿಸಿ, ಜೋರಾಗಿ ಪೈಪ್ ನೀರು ಬಿಟ್ಟು ತೊಳೆಯುವಂಥದ್ದು. ಟರ್ಟಲ್ ವ್ಯಾಕ್ಸಿನ ಹೈಬ್ರಿಡ್ ಸಲ್ಯೂಷನ್ಸ್ ಸೆರಾಮಿಕ್ ಸ್ಪ್ರೇಯನ್ನ ಬಟ್ಟೆಯಲ್ಲಿ ಹರಡಿ ಒರೆಸಿ ತೆಗೆದರೆ ಆಯ್ತು. ಎರಡೂ ಒಳ್ಳೆ ಮಾಲೇ. ಆದರೆ ನಮ್ಮೂರಲ್ಲಿ ನೀರಿನ ಲೆಕ್ಕ ಇದೆಯಲ್ಲ! 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಪಕ್ಕದ ಬೀದಿಯವರು ಟ್ಯಾಂಕರ್‌ಗೆ ಕಾಯ್ತಿರುವಾಗ ಕಾವೇರಿ ನೀರನ್ನ ಬಾನೆಟ್ ಮೇಲೆ ಹರಿಸೋದು ನನಗಂತೂ ಸರಿ ಕಾಣಲ್ಲ. ಒರೆಸುವಂಥದ್ದನ್ನೇ ತಗೋ.

• ಬೋರ್‌ವೆಲ್ ನೀರಾದರೆ ಕಾರನ್ನ ಬಿಸಿಲಲ್ಲಿ ತಾನಾಗೇ ಒಣಗೋಕೆ ಬಿಡಬೇಡ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ. ವ್ಯಾಕ್ಸ್ ಹಚ್ಚಿದ ಮೇಲೆ ನೀರು ಮುತ್ತಿನಂತೆ ನಿಲ್ಲುತ್ತಲ್ಲ, ಆ ಹನಿ ಆರಿದ ಜಾಗದಲ್ಲೇ ಬಿಳಿ ಉಂಗುರ ಕೂರುತ್ತೆ. ಸೆರಾಮಿಕ್ ಸ್ಪ್ರೇಯಲ್ಲಿ ಈ ಕಾಟ ಇನ್ನೂ ಜಾಸ್ತಿ. ತೊಳೆದ ತಕ್ಷಣ ಒರೆಸು. ಹೊಸ ಕಲೆಯಾದರೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಸವರಿ, ಒಣಗೋಕೆ ಬಿಡದೆ ತೊಳೆದುಬಿಡು. ಮಳೆನೀರು ಹಿಡಿಯೋ ಡ್ರಮ್ ಇದ್ದರೆ ಕಾರಿಗೆ ಅದಕ್ಕಿಂತ ಒಳ್ಳೆ ನೀರಿಲ್ಲ.

• ನಿನ್ನ ತಮ್ಮನ ಕಾರು ವಿಜಯನಗರದಲ್ಲಿ ಮರದ ಕೆಳಗೇ ನಿಲ್ಲುತ್ತೆ. ಅವನು ದುಬಾರಿ ಸ್ಪ್ರೇಗೆ ದುಡ್ಡು ಸುರಿಯೋದು ಬೇಡ. ವ್ಯಾಕ್ಸ್ ಅಂದರೆ ಶಾಲೆ ಪುಸ್ತಕಕ್ಕೆ ಹಾಕೋ ಬೈಂಡ್ ಇದ್ದ ಹಾಗೆ, ಕೊಳೆಯನ್ನ ತಾನು ತಗೊಂಡು ಹಾಳೆ ಉಳಿಸುತ್ತೆ. ಆದರೆ ಪಾರಿವಾಳದ ಹಿಕ್ಕೆ ಬಿಸಿಲಲ್ಲಿ ಕೂತರೆ ಈ ಮೂರರಲ್ಲಿ ಯಾವುದೂ ತಡೆಯಲ್ಲ. ಅಡಿಯಲ್ಲಿರೋ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹಿಕ್ಕೆ, ಮರದ ಅಂಟು ಕಂಡರೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ನೆನೆಸಿ ಎತ್ತಬೇಕು, ಉಜ್ಜಬಾರದು. ಅವನಿಗೆ ಕಡಿಮೆ ಬೆಲೆಯ ಪಾಲಿಮರ್ ಸ್ಪ್ರೇ ಸಾಕು, ಆಗಾಗ ಹಚ್ಚಲಿ.

• ಬೇಸ್‌ಮೆಂಟ್‌ನಲ್ಲಿ ನಿಲ್ಲೋ ಕಾರಿಗೆ ಕಾರ್ನೌಬಾ ಧಾರಾಳ.

• ಹೋಲಿಸಿ ನೋಡಲೇಬೇಕು ಅಂತಿದ್ದರೆ ನಿನ್ನ ಬಾನೆಟ್ ಮೇಲೇ ನೋಡು. ಕಾರ್ ಶಾಂಪೂ ಹಾಕಿ ತೊಳೆದು ಒಣಗಿಸು. ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಾಲು ಮಾಡು. ನೆರಳಲ್ಲಿ, ತಣ್ಣಗಿರೋ ಲೋಹದ ಮೇಲೆ, ಪಾಲಿಗೊಂದು ಸ್ಪ್ರೇ, ಪಾಲಿಗೊಂದು ಬಟ್ಟೆ. ಒಂದೆರಡು ಸಲ ಪುಸ್ ಅನ್ನಿಸಿದರೆ ಸಾಕು, ಜಾಸ್ತಿಯಾದರೆ ಮಬ್ಬು ಗೆರೆ ಉಳಿಯುತ್ತೆ. ಮೊದಲ ದಿನ ಮೂರೂ ಹೆಚ್ಚುಕಮ್ಮಿ ಒಂದೇ ಥರ ಹೊಳೆಯುತ್ತೆ, ಅದನ್ನ ನೋಡಿ ತೀರ್ಮಾನ ಮಾಡಬೇಡ. ತಿಂಗಳು ಬಿಟ್ಟು, ಮೂರ್ನಾಲ್ಕು ಸಲ ತೊಳೆದಾದ ಮೇಲೆ ಒಂದು ಮಗ್ ನೀರು ಹುಯ್ದು ನೋಡು. ಯಾವ ಪಾಲಿನಿಂದ ನೀರು ಬೇಗ ಜಾರಿ ಹೋಗುತ್ತೋ ಅದು ಇನ್ನೂ ಉಳಿದಿದೆ, ಎಲ್ಲಿ ಹಾಳೆಯ ಹಾಗೆ ಹರಡಿ ನಿಲ್ಲುತ್ತೋ ಅಲ್ಲಿ ವ್ಯಾಕ್ಸ್ ಹೋಗಿದೆ.

• ಮೈಸೂರು ರಸ್ತೆಯ ಧೂಳು ಕೂತಿರೋವಾಗ ಒಣ ಬಟ್ಟೆ ಆಡಿಸಲೇಬೇಡ. ಕಣ್ಣಿಗೆ ಕಾಣದ ಮರಳು ಬಣ್ಣದ ಮೇಲೆ ಸುತ್ತು ಸುತ್ತು ಗೆರೆ ಎಳೆಯುತ್ತೆ, ಸಂಜೆ ಬೀದಿದೀಪದ ಕೆಳಗೆ ನಿಂತು ನೋಡು, ಜೇಡರ ಬಲೆಯಂಥ ಗೆರೆ ಕಾಣುತ್ತೆ. ಅದನ್ನ ಯಾವ ಸ್ಪ್ರೇಯೂ ಅಳಿಸಲ್ಲ. ಬೆಳಿಗ್ಗೆ ಕಾರು ಒರೆಸೋಕೆ ಬರೋರಿಗೆ ಎರಡು ಮೈಕ್ರೋಫೈಬರ್ ಬಟ್ಟೆ ನೀನೇ ಕೊಡು, ಒಂದು ಮೇಲ್ಭಾಗಕ್ಕೆ, ಇನ್ನೊಂದು ಚಕ್ರದ ಕಡೆಗೆ. ಒಂದೇ ಬಕೆಟ್‌ನಲ್ಲಿ ಬೀದಿಯ ಕಾರೆಲ್ಲ ಒರೆಸಬೇಕಾದ ಅವರನ್ನ ಬೈದು ಪ್ರಯೋಜನವಿಲ್ಲ. ಆ ಬಟ್ಟೆ ಒಗೆಯುವಾಗ ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡ.

• ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ಕಾರು ತೊಳೆಯಬೇಡ, ಅದು ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತೆ. ಸೀಮೆಎಣ್ಣೆ, ಡೀಸೆಲ್ ಸವರೋರ ಮಾತು ಕೇಳಬೇಡ. ಮುಂದಿನ ಗಾಜಿಗೆ ವ್ಯಾಕ್ಸ್ ಸಿಡಿಯದಂತೆ ನೋಡ್ಕೋ, ಮಳೆಯಲ್ಲಿ ವೈಪರ್ ಕಿರುಗುಟ್ಟಿ ದಾರಿ ಮಬ್ಬಾಗುತ್ತೆ. ಬ್ರೇಕ್ ಡಿಸ್ಕಿಗಂತೂ ತಾಗಲೇಬಾರದು. ಟಿಂಕರಿಂಗ್ ಮಾಡಿಸಿ ಹೊಸ ಬಣ್ಣ ಹೊಡೆಸಿದ ಭಾಗಕ್ಕೆ ಒಂದು ತಿಂಗಳಾದರೂ ಬಿಟ್ಟು ಹಚ್ಚು.

• ವರ್ಷಕ್ಕೆ ಎರಡು ಸಲ ವ್ಯಾಕ್ಸ್ ಹಚ್ಚೋದನ್ನ ತಪ್ಪಿಸಬೇಡ: ಮುಂಗಾರಿಗೆ ಮುಂಚೆ ಮೇ ಕೊನೆಯಲ್ಲಿ, ಆಯುಧಪೂಜೆಯ ಹಿಂದಿನ ದಿನ. ಪೂಜೆಗೆ ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ ಹಚ್ಚೇ ಹಚ್ತೀವಿ. ಅಡಿಯಲ್ಲಿ ಹೊಸ ವ್ಯಾಕ್ಸ್ ಇದ್ದರೆ ಅವುಗಳ ಬಣ್ಣ ಸುಲಭವಾಗಿ ಪೇಂಟಿಗೆ ಇಳಿಯಲ್ಲ. ಆದರೂ ವಿಭೂತಿಯನ್ನ ಒಣಗಿರುವಾಗ ಒರೆಸಬೇಡ, ಮೊದಲು ನೀರು ಚಿಮುಕಿಸು. ಚೆಂಡುಹೂವಿನ ಹಾರ ಮಳೆಯಲ್ಲಿ ನೆಂದರೆ ಕಲೆ ಕಚ್ಚುತ್ತೆ, ವಿಜಯದಶಮಿ ಬೆಳಿಗ್ಗೆ ಬಿಚ್ಚಿಬಿಡು.